ಉಣ್ಣುವವರನ್ನು ಎಬ್ಬಿಸಬಾರದು

ಮೆಕ್ಕೆಜೋಳದ ಸಿಪ್ಪೆಯನ್ನು ಬಿಸಿನೀರಿಗೆ ಹಾಕಿದಾಗ ಏಳುವ ವಾಸನೆ ನಿಮಗೆ ಗೊತ್ತಿರಬಹುದು. ತೆನೆಯದ್ದಲ್ಲ, ಅದರ ಮೈಗೆ ಸುತ್ತಿಕೊಂಡ ಹಸಿರು ಹೊದಿಕೆಯದ್ದು. ಹುಲ್ಲು ಬೆಂದ ಹಾಗೆ, ತುಸು ಸಿಹಿ, ಹಿಂದೆ ಎಲ್ಲೋ ಒಂದಿಷ್ಟು ಮಣ್ಣು. ಮೊನ್ನೆ ಶನಿವಾರ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ನಮ್ಮ ಸೂಪರ್ ಮಾರ್ಕೆಟ್ಟಿನಲ್ಲಿ ಟ್ರಾಲಿ ಹಿಡಿದು ಈರುಳ್ಳಿಯ ಕಡೆ ಹೊರಟಿದ್ದೆ. ಬಾಗಿಲ ಪಕ್ಕ ಜೋಳ ಬೇಯಿಸಿ ಮಾರುವ ಹುಡುಗಿ ಪಾತ್ರೆಯ ಮುಚ್ಚಳ ತೆಗೆದಳು. ಹಬೆ ಮುಖಕ್ಕೆ ಬಡಿಯಿತು, ನಾನು ನಿಂತೇಬಿಟ್ಟೆ. ಹಿಂದಿನಿಂದ ಯಾರದೋ ಟ್ರಾಲಿ ನನ್ನ ಹಿಮ್ಮಡಿಗೆ ತಾಗಿತು. "ಯಲ್ಲಾ, ಯಲ್ಲಾ, ಹಿಂದೆ ಜನ ಉಂಟು ಮಾರಾಯ್ತಿ" ಎಂದರು ನಮ್ಮ ಯಜಮಾನರು. ನಾನು ನಿಂತದ್ದು ಯಾವುದೋ ರಿಯಾಯಿತಿ ಬೋರ್ಡು ನೋಡಿ ಎಂದೇ ಅವರಿಗೆ ಖಾತ್ರಿ. ಹೆಚ್ಚಿನ ಸಲ ಅವರ ಅಂದಾಜು ಸರಿಯೇ ಇರುತ್ತದೆ. ಈ ಸಲ ಮಾತ್ರ ನನ್ನ ತೋಳಿನ ರೋಮ ನೆಟ್ಟಗಾಗಿತ್ತು.

ಅದು ಹಿಂದೆ ನಮ್ಮ ನೆರೆಯಲ್ಲಿದ್ದ ಎಡ್ನಾ ಅವರ ಅಡುಗೆಮನೆಯ ವಾಸನೆ. ಆ ಅಡುಗೆಮನೆ ಈಗ ಇಲ್ಲ. ಅದು ಇದ್ದ ಕಟ್ಟಡವೂ ಇಲ್ಲ. ಆದರೂ ವಾಸನೆಗೆ ಯಾರು ಹೇಳುವವರು, ಅದು ತನ್ನ ಪಾಡಿಗೆ ತಾನು ಬರುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ಇದೇ ದೇಶದ ಅಲ್ ಐನ್ ಊರಿನ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಯಜಮಾನರ ಕೆಲಸ ಆಗಲೂ ದುಬೈಯ ಅಲ್ಯೂಮಿನಿಯಂ ಕಾರ್ಖಾನೆಯಲ್ಲೇ, ವಾರದ ಕೊನೆಗೆ ಬಂದುಹೋಗುತ್ತಿದ್ದರು. ಉಳಿದ ದಿನಗಳಿಗೆ ನನ್ನ ಕಾವಲಿಗೆಂದು ಅವರ ತಾಯಿಯನ್ನು ಊರಿನಿಂದ ಕರೆಸಿದ್ದರು. ಅತ್ತೆಯ ಪ್ರಕಾರ ಅವರು ಬಂದದ್ದು ನನಗೆ ಸರಿಯಾಗಿ ಹುಳಿ ಮಾಡಲು ಕಲಿಸುವುದಕ್ಕೆ. ನನಗೆ ಕಾವಲು ಬೇಕಿರಲಿಲ್ಲ, ಹುಳಿ ಇವತ್ತಿಗೂ ಬರುವುದಿಲ್ಲ. ಇಬ್ಬರ ಉದ್ದೇಶವೂ ಕೈಗೂಡಲಿಲ್ಲ ಎನ್ನಿ.

ನಾವಿದ್ದದ್ದು ಒಂದು ಹಳೆಯ ವಿಲ್ಲಾದಲ್ಲಿ. ವಿಲ್ಲಾ ಎಂದ ಕೂಡಲೇ ಊರಿನ ಜನ ಈಜುಕೊಳ ಕಲ್ಪಿಸಿಕೊಳ್ಳುತ್ತಾರೆ. ಇಲ್ಲಿಯವರಿಗೆ ಗೊತ್ತು, ಹಳೇ ವಿಲ್ಲಾ ಎಂದರೆ ಒಂದು ಮನೆಯನ್ನು ಗೋಡೆ ಎಬ್ಬಿಸಿ ಹಲವು ಪೋರ್ಶನ್ ಮಾಡಿ ಹಲವು ಸಂಸಾರಗಳಿಗೆ ಕೊಟ್ಟದ್ದು. ನಮ್ಮದರಲ್ಲಿ ಒಂದು ಮಲಯಾಳಿ ನರ್ಸ್ ಕುಟುಂಬ, ಒಂದು ಈಜಿಪ್ಟಿನ ಮೇಷ್ಟರ ಮನೆ, ಹಿಂದೆ ಒಂದು ಯುವ ಸಂಸಾರ, ಪಕ್ಕದಲ್ಲಿ ಎಡ್ನಾ. ನಡುವಿನ ಅಂಗಳದಲ್ಲಿ ಒಂದು ಬೋರೆ ಮರ. ಮಧ್ಯಾಹ್ನ ಆ ಅಂಗಳವನ್ನು ನೀವು ನೋಡಬೇಕಿತ್ತು. ಬಿಳೀ ಬಿಸಿಲು, ನೆರಳೇ ಇಲ್ಲದ ಗೋಡೆಗಳು, ಒಂದು ಹಕ್ಕಿಯ ಸದ್ದೂ ಇಲ್ಲ. ಮಟಮಟ ಮಧ್ಯಾಹ್ನ ಹೊರಗೆ ಓಡಾಡಬಾರದು, ಅದು ನಮ್ಮ ಹೊತ್ತಲ್ಲ ಎನ್ನುತ್ತಿದ್ದರು ನಮ್ಮ ಕಡೆಯ ಹಿರಿಯರು. ರಾತ್ರಿಯ ದೆವ್ವಗಳ ಬಗ್ಗೆ ಅವರಿಗೆ ಅಷ್ಟು ಭಯವಿರಲಿಲ್ಲ, ಮಧ್ಯಾಹ್ನದವುಗಳ ಬಗ್ಗೆ ಇತ್ತು. ಅದರ ಅರ್ಥ ನನಗೆ ಅಲ್ ಐನ್‌ನಲ್ಲಿ ಆಯಿತು.

ಎಡ್ನಾ ಅರವತ್ತು ದಾಟಿದವರು, ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ನೆರೆತ ಕೂದಲಿನ ಉದ್ದ ಜಡೆ, ಗೋಧಿ ಬಣ್ಣ, ಅಗಲ ಕೆನ್ನೆ. ಅವರು ಎಲ್ಲಿಯವರು ಎಂದು ಕಾಂಪೌಂಡಿನಲ್ಲಿ ಯಾರಿಗೂ ಬಗೆಹರಿದಿರಲಿಲ್ಲ. ನಾನೇ ಒಂದು ದಿನ ಬಾಯಿಬಿಟ್ಟು ಕೇಳಿದೆ. ಕುತೂಹಲ ನನ್ನ ಹುಟ್ಟುರೋಗ. "ನಾನೂ ಇಂಡಿಯನ್ನೇ" ಎಂದರು ನಗದೆ, "ದಾರಿ ತಪ್ಪಿದ ಒಬ್ಬ ನಾವಿಕನ ಲೆಕ್ಕದಲ್ಲಿ." ಅಮೆರಿಕದ ಒಕ್ಲಹೋಮದವರು, ಚೆರೋಕೀ ಜನ. ಅತ್ತೆಗೆ ಇದನ್ನು ವಿವರಿಸಲು ಒಂದು ಸಂಜೆ ಹಿಡಿಯಿತು. ಕೊನೆಗೆ ಅತ್ತೆ, "ಅಂದ್ರೆ ಅಲ್ಲಿಯ ಮೂಲದವರು ಅಂತಾಯ್ತು. ಹಾಗಾದ್ರೆ ಅವಳಿಗೆ ಅಲ್ಲಿ ಜಾಗ ಇಲ್ವಾ, ಇಲ್ಲಿಗೆ ಎಂತಕ್ಕೆ ಬಂದದ್ದು?" ಎಂದರು. ಒಂದೇ ಪ್ರಶ್ನೆಯಲ್ಲಿ ಒಂದು ದೇಶದ ಚರಿತ್ರೆ ಕೇಳಿದ್ದರು, ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಎಡ್ನಾ ಅವರಿಗೆ ಒಂದು ಅಭ್ಯಾಸವಿತ್ತು. ಊಟಕ್ಕೆ ಕೂರುವ ಮೊದಲು ಬಾಗಿಲು ತೆರೆದು ಹೊರಗೆ ಬರುವರು. ಗೇಟಿನ ತನಕ ಹೋಗಿ ರಸ್ತೆಯ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುವರು. ಆಮೇಲೆ ತಿರುಗಿ ಬಂದು, ಹೊಸಿಲ ಮೇಲೆ ನಿಂತು, ಮನೆಯ ಒಳಕ್ಕೆ ಮುಖ ಮಾಡಿ ಏನೋ ಒಂದು ಮಾತು ಹೇಳುವರು. ನಂತರ ಬಾಗಿಲು. ಒಳಗೆ ಅವರು ಒಬ್ಬರೇ. ಬೆಕ್ಕಿಗೆ ಹೇಳುತ್ತಾರೆ ಎಂದುಕೊಂಡಿದ್ದೆ. ಆ ಮನೆಯಲ್ಲಿ ಬೆಕ್ಕಿಲ್ಲ ಎಂದು ಗೊತ್ತಾದ ದಿನ ಅತ್ತೆಗೆ ಹೇಳಿದೆ. ಅತ್ತೆ ಹುಳಿಯ ಸೌಟು ಹಿಡಿದುಕೊಂಡೇ, "ಕೂತವರಿಗೆ ಹೇಳ್ತಾಳೆ" ಎಂದರು. ಯಾರು ಕೂತವರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಅತ್ತೆ, ಎಡ್ನಾ ಇಬ್ಬರ ಸ್ನೇಹ ಬೆಳೆದದ್ದು ಅಡುಗೆಯಿಂದ. ಒಂದು ರಜೆಯ ದಿನ ಎಡ್ನಾ ಮೆಕ್ಕೆಜೋಳದ ಹಿಟ್ಟಿಗೆ ಬೆಂದ ಕಾಳು ಕಲಸಿ, ಜೋಳದ ಸಿಪ್ಪೆಯಲ್ಲಿ ಕಟ್ಟಿ, ಕುದಿಯುವ ನೀರಿಗೆ ಬಿಡುತ್ತಿದ್ದರು. ಅತ್ತೆ ಬಾಗಿಲಲ್ಲೇ ನಿಂತು, "ಅಯ್ಯೋ, ಇದು ನಮ್ಮ ಕೊಟ್ಟೆ ಕಡುಬೇ ಅಲ್ವಾ! ಹಲಸಿನ ಎಲೆ ಸಿಗದ ಕಡೆ ಹೀಗೆ ಮಾಡ್ತಾರೆ ಕಾಣ್ತದೆ" ಎಂದು ತೀರ್ಪು ಕೊಟ್ಟರು. ರುಚಿ ನೋಡಿದರೆ ಉಪ್ಪಿಲ್ಲ. ಪಾಪ ಮರೆತಿದ್ದಾಳೆ ಎಂದುಕೊಂಡು, ಎಡ್ನಾ ಅತ್ತ ತಿರುಗಿದಾಗ ಉಳಿದ ಹಿಟ್ಟಿಗೆ ಅತ್ತೆ ಒಂದು ಹಿಡಿ ಉಪ್ಪು ಬೆರೆಸಿದರು. ಆ ಎರಡನೇ ಸಲದ್ದೆಲ್ಲ ಸಿಪ್ಪೆಯೊಳಗೇ ಪುಡಿಪುಡಿಯಾಗಿ ನೀರಿನಲ್ಲಿ ಗಂಜಿಯಾಯಿತು. ಉಪ್ಪು ಹಾಕಿದರೆ ಅದು ಕೂಡಿಕೊಳ್ಳುವುದಿಲ್ಲವಂತೆ, ಅವರ ಅಜ್ಜಿಯಂದಿರು ಹೇಳಿದ್ದು. ಅತ್ತೆ ಅಂದು ನನ್ನ ಮುಂದೆ ಮೊದಲ ಬಾರಿಗೆ ಅಡುಗೆಯ ವಿಷಯದಲ್ಲಿ ತಲೆ ತಗ್ಗಿಸಿದರು. ನನಗಾದ ಸಂತೋಷವನ್ನು ನಾನು ಮುಚ್ಚಿಡಲಿಲ್ಲ.

ಆ ಗಂಜಿಯನ್ನೇ ಮೂವರೂ ಬಟ್ಟಲಿಗೆ ಹಾಕಿಕೊಂಡು ಕೂತಾಗ ಎಡ್ನಾ ಎದ್ದು ಹೊರಗೆ ಹೋಗಿ ಬಂದರು. ಹೊಸಿಲ ಮೇಲೆ ನಿಂತು ಆ ಮಾತು ಹೇಳಿದರು. ಈ ಸಲ ಕೇಳಿಯೇಬಿಟ್ಟೆ.

"ಯಾರೂ ಇಲ್ಲ ಅಂತ" ಎಂದರು ಎಡ್ನಾ. "ರಸ್ತೆಯಲ್ಲಿ ಯಾರೂ ಬರುತ್ತಾ ಇಲ್ಲ, ಉಣ್ಣಬಹುದು ಅಂತ. ನಮ್ಮ ಮನೆಯಲ್ಲಿ ದೊಡ್ಡವರು ಹೀಗೆ ನೋಡಿ ಬಂದು ಹೇಳದೆ ಯಾರೂ ತುತ್ತು ಎತ್ತುವುದಿಲ್ಲ."

ಅವರು ಹೇಳಿದ್ದನ್ನು ನಾನು ಅತ್ತೆಗೆ ತುಂಡುತುಂಡಾಗಿ ಕನ್ನಡ ಮಾಡುತ್ತಾ ಹೋದೆ. ನಿಮಗೂ ಹಾಗೆಯೇ ಹೇಳುತ್ತೇನೆ.

ಚೆರೋಕೀಗಳ ನಾಡು ಒಕ್ಲಹೋಮ ಅಲ್ಲ. ಅಮೆರಿಕದ ಪೂರ್ವದ ಬೆಟ್ಟಗಳ ನಡುವೆ ಅವರ ನಾಡು. ಗರಿ ಸಿಕ್ಕಿಸಿಕೊಂಡು ಕುದುರೆ ಓಡಿಸುವವರ ಚಿತ್ರ ನಿಮ್ಮ ತಲೆಯಲ್ಲಿದ್ದರೆ ತೆಗೆದುಹಾಕಿ, ನಾನೂ ಅಂದು ತೆಗೆದುಹಾಕಬೇಕಾಯಿತು. ಅವರಿಗೆ ಹೊಲಗಳಿದ್ದವು, ಹಣ್ಣಿನ ತೋಟಗಳಿದ್ದವು, ಮರದ ಮನೆಗಳಿದ್ದವು. ಸ್ವಂತ ಲಿಪಿ, ಆ ಲಿಪಿಯಲ್ಲಿ ಅಚ್ಚಾಗುವ ಪತ್ರಿಕೆ, ಬರೆದಿಟ್ಟ ಸಂವಿಧಾನ, ಎಲ್ಲ ಇತ್ತು. ಸುಮಾರು ಇನ್ನೂರು ವರ್ಷಗಳ ಹಿಂದೆ ಬಿಳಿಯರಿಗೆ ಆ ನೆಲ ಬೇಕಾಯಿತು. ಅಲ್ಲಿ ಚಿನ್ನವೂ ಸಿಕ್ಕಿತು, ಮತ್ತೆ ಕೇಳಬೇಕೆ. ಚೆರೋಕೀಗಳು ಕೋರ್ಟಿಗೆ ಹೋದರು, ದೇಶದ ಅತಿ ದೊಡ್ಡ ಕೋರ್ಟು ಅವರ ಪರವಾಗಿಯೇ ಹೇಳಿತು. ಹೇಳಿದ್ದನ್ನು ಕೇಳುವವರು ಇರಲಿಲ್ಲ. ಜನರ ಒಪ್ಪಿಗೆಯಿಲ್ಲದೆ ಅವರಲ್ಲೇ ಕೆಲವು ಮಂದಿ ನಾಡು ಬಿಟ್ಟುಕೊಡುವ ಒಂದು ಒಪ್ಪಂದಕ್ಕೆ ರುಜು ಹಾಕಿದರು, ಸರ್ಕಾರಕ್ಕೆ ಅಷ್ಟು ಸಾಕಾಯಿತು. ಅವರು ವಾಸವಾಗಿದ್ದ ನೆಲವನ್ನೇ ಲಾಟರಿ ಎತ್ತಿ ಬಿಳಿಯರಿಗೆ ಹಂಚಿದರು. ನಾವಿರುವ ಈ ದೇಶದಲ್ಲಿ ಮಾಲಿಗೆ ಹೋದರೆ ಲಕ್ಕಿ ಡ್ರಾ, ಸಂಘದ ಯುಗಾದಿಗೆ ಹೋದರೆ ಲಕ್ಕಿ ಡ್ರಾ. ಮಿಕ್ಸಿ ಬಂದೀತೇ, ಕಾರು ಬಂದೀತೇ ಎಂದು ನಾನೂ ಕೂಪನ್ ಹಾಕಿದವಳೇ. ಬಹುಮಾನವಾಗಿ ಒಂದು ಮನೆ ಬರಬಹುದು, ಹೋಗಿ ನೋಡಿದರೆ ಒಳಗೆ ಜನ ಊಟ ಮಾಡುತ್ತಿರಬಹುದು ಎಂಬುದು ನನ್ನ ಕಲ್ಪನೆಗೆ ಬಂದಿರಲಿಲ್ಲ.

ಎಡ್ನಾ ಅವರ ಮುತ್ತಜ್ಜಿಯ ತಾಯಿ ಆಗ ಚಿಕ್ಕ ಹುಡುಗಿ. ಬೇಸಗೆಯ ಮೊದಲ ದಿನಗಳು. ಮನೆಮಂದಿ ಊಟಕ್ಕೆ ಕೂತಿದ್ದಾಗ ಬಂದೂಕಿಗೆ ಕತ್ತಿ ಸಿಕ್ಕಿಸಿಕೊಂಡ ಸೈನಿಕರು ಬಾಗಿಲಲ್ಲಿ ನಿಂತಿದ್ದರು. ಹೊದಿಕೆ ತರುತ್ತೇವೆ ಎಂದರೆ ಬೇಡ ಎಂದರು. ತಟ್ಟೆಯಲ್ಲಿದ್ದದ್ದು ತಟ್ಟೆಯಲ್ಲಿ, ಒಲೆಯ ಮೇಲಿದ್ದದ್ದು ಒಲೆಯ ಮೇಲೆ. ರಸ್ತೆಯ ತಿರುವಿನಲ್ಲಿ ಹುಡುಗಿ ಹಿಂತಿರುಗಿ ನೋಡಿದಳು. ಮನೆಯ ಹೊಗೆಕೊಳವೆಯಿಂದ ಇನ್ನೂ ಹೊಗೆ ಬರುತ್ತಿತ್ತು. ಸೈನಿಕರ ಹಿಂದೆಯೇ ಬಂದಿದ್ದ ಜನ ಅವರ ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು. ಪಕ್ಕದ ಊರಿನವರು, ಮುಖ ಪರಿಚಯ ಇದ್ದವರು.

ಆಮೇಲಿನದ್ದು ಪುಸ್ತಕಗಳಲ್ಲಿ ಇದೆ. ಬೇಲಿ ಹಾಕಿದ ಶಿಬಿರಗಳಲ್ಲಿ ದನಗಳಂತೆ ಕೂಡಿಹಾಕಿದ್ದು, ಅಲ್ಲಿ ಹಬ್ಬಿದ ಕಾಯಿಲೆ, ನಂತರ ಚಳಿಯಲ್ಲಿ ತಿಂಗಳುಗಟ್ಟಲೆ ಪಶ್ಚಿಮಕ್ಕೆ ನಡೆಸಿದ್ದು, ಸಾವಿರಾರು ಜನ ಸತ್ತದ್ದು. ಹುಡುಗಿಯ ತಮ್ಮ ದಾರಿಯಲ್ಲಿ ಹೋದ. ಅವನನ್ನು ಎಲ್ಲಿ ಮಣ್ಣು ಮಾಡಿದರೆಂದು ಗುರುತು ಹೇಳಲು ಕೂಡ ಆ ಸೀಮೆಯ ಹೆಸರು ಅವರಿಗೆ ಗೊತ್ತಿರಲಿಲ್ಲ. ಒಕ್ಲಹೋಮದಲ್ಲಿ ಆಕೆ ಬದುಕಿದಳು, ಮುದುಕಿಯಾದಳು. ಮುದುಕಿ ನಡೆದ ದಾರಿಯ ಬಗ್ಗೆ ಮಾತಾಡುತ್ತಿರಲಿಲ್ಲವಂತೆ, ತಮ್ಮನ ಬಗ್ಗೆಯೂ ಇಲ್ಲ. ಊಟದ ಹೊತ್ತಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದಳಂತೆ.

"ಆ ಊಟ ಯಾರು ಉಂಡರು?"

ಎಡ್ನಾ ಇದನ್ನು ಹೇಳಿ ಬಟ್ಟಲಿನ ಕಡೆ ನೋಡುತ್ತಾ ಕೂತರು. ಹೊರಗೆ ಮಧ್ಯಾಹ್ನ ಒಂದು ಚೂರೂ ಅಲುಗದೆ ನಿಂತಿತ್ತು. ಒಂದು ಮನೆ, ಹೊಗೆ, ಬಿಸಿಯಾಗಿಯೇ ಇರುವ ಊಟ, ಅದರ ಮುಂದೆ ಬಂದು ಕೂರುವ ಬೇರೆ ಜನ. ಅವರು ಏನು ಮಾತಾಡಿಕೊಂಡು ಉಂಡಿರಬಹುದು? ಉಪ್ಪಿಲ್ಲ ಎಂದಿರಬಹುದೇ?

ಅತ್ತೆ, "ಋಣ ಅಷ್ಟೇ ಇತ್ತು ಅಂತ ಹೇಳು ಅವಳಿಗೆ" ಎಂದರು. ನಮ್ಮಲ್ಲಿ ಇದು ಸಮಾಧಾನದ ಮಾತು. ಗಂಡ ಸತ್ತರೆ, ಮನೆ ಮಾರಿದರೆ, ಹಸು ಹೋದರೆ, ಋಣ ತೀರಿತು ಎನ್ನುತ್ತೇವೆ. ಅತ್ತೆಯ ಬಾಯಲ್ಲಿ ಅದಕ್ಕೆ ಇನ್ನೂ ಒಂದು ತೂಕವಿತ್ತು. ಅವರು ಮದುವೆಯಾಗಿ ಸೇರಿದ ಊರು ಘಟ್ಟದ ಮೇಲೆ ಒಂದು ನದಿಯ ದಂಡೆಯಲ್ಲಿತ್ತು, ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಆಮೇಲೆ ಅವರೆಲ್ಲ ಕರಾವಳಿಗೆ ಇಳಿದರು. ಆ ಊರಿನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನನ್ನ ಮಾವ ಇದ್ದಷ್ಟು ಕಾಲ, ಯಾರಾದರೂ ವಿಷಯ ತೆಗೆದರೆ, "ಆ ನೀರಿನ ಋಣ ಅಷ್ಟೇ" ಎಂದು ತಾಂಬೂಲದ ತಟ್ಟೆ ಎಳೆದುಕೊಳ್ಳುತ್ತಿದ್ದರಂತೆ. ಅದೇ ಮನೆಯ ಮಾತಾಯಿತು, ನಮ್ಮ ಯಜಮಾನರಿಗೂ ಅದೇ ಬಾಯಿಪಾಠ.

ಋಣವನ್ನು ನಾನು ಇಂಗ್ಲಿಷಿನಲ್ಲಿ ಹೇಗೋ ಒದ್ದಾಡಿ ಹೇಳಿದೆ. ಎಡ್ನಾ ಗಮನವಿಟ್ಟು ಕೇಳಿದರು. ಕೋಪಿಸಿಕೊಳ್ಳಲಿಲ್ಲ. "ಸಂಬಂಧ ಮುಗಿದರೆ ಎರಡೂ ಕಡೆಯವರಿಗೆ ಗೊತ್ತಾಗಬೇಕು. ಗಡಿಗೆ ಇನ್ನೂ ಒಲೆಯ ಮೇಲಿತ್ತಲ್ಲ" ಎಂದರು. ಅದನ್ನು ನಾನು ಅತ್ತೆಗೆ ಹೇಳಿದೆ. ಅತ್ತೆ ಉಪ್ಪು ಹೆಚ್ಚಾದ ಆ ಗಂಜಿಯನ್ನು ಬಳಿದು ಉಂಡು, ಬಟ್ಟಲು ತೊಳೆದಿಟ್ಟು, ಮನೆಗೆ ಬಂದು ಮಲಗಿಬಿಟ್ಟರು.

ಮುಂದಿನ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಎಡ್ನಾ ಎಂದಿನಂತೆ ಗೇಟಿನ ತನಕ ಹೋದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ತಿರುಗಿ ಬಂದು ಹೊಸಿಲ ಮೇಲೆ ನಿಂತರು. ಮಾತು ಬರಲಿಲ್ಲ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಗೇಟಿನ ಹೊರಗೆ ಕಾರು ನಿಲ್ಲಿಸಿ ಮಾಲೀಕರ ಕಡೆಯವನೊಬ್ಬ ಇಳಿಯುತ್ತಿದ್ದ. ಕಟ್ಟಡ ಹಳೆಯದಾಗಿದೆ, ಕೆಡವುತ್ತಾರೆ, ಎಲ್ಲರೂ ಖಾಲಿ ಮಾಡಬೇಕು. ಅವಧಿ ಕೊಟ್ಟಿದ್ದರು, ಮರ್ಯಾದೆಯಿಂದಲೇ ಹೇಳಿದರು. ಅದು ಅವರ ಆಸ್ತಿ, ನಾವು ಬಾಡಿಗೆಯವರು. ಸೈನಿಕರಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಎಡ್ನಾ ಅವರೇ ಅದನ್ನು ಮೊದಲು ಹೇಳಿದರು. ಅವರಿಗೆ ನಿವೃತ್ತಿಯ ಹೊತ್ತೂ ಬಂದಿತ್ತು, ವೀಸಾ ಮುಗಿಸಿ ಹೊರಡುವವರೇ ಇದ್ದರು.

"ನನಗೆ ಒಂದೇ ಆಸೆ" ಎಂದರು. "ಹೋಗುವ ದಿನ ನನ್ನ ಊಟ ನಾನು ಮುಗಿಸಬೇಕು. ತಟ್ಟೆ ತೊಳೆದಿಡಬೇಕು. ಆಮೇಲೆ ನಾನಾಗಿ ಎದ್ದು ಹೋಗಬೇಕು. ನಮ್ಮ ಮನೆತನದಲ್ಲಿ ಒಂದು ಮನೆಯಿಂದ ಹಾಗೆ ಹೊರಟವರು ಯಾರೂ ಇಲ್ಲ." ಅವರ ಅಜ್ಜಿಯ ಹೊಲವೂ ಒಕ್ಲಹೋಮದಲ್ಲಿ ಮತ್ತೊಂದು ಕಾನೂನಿನಲ್ಲಿ ಕೈತಪ್ಪಿತ್ತಂತೆ. ತಾಯಿಯನ್ನು ಮಗುವಾಗಿದ್ದಾಗಲೇ ದೂರದ ಹಾಸ್ಟೆಲ್ ಶಾಲೆಗೆ ಎತ್ತಿಕೊಂಡು ಹೋಗಿದ್ದರಂತೆ, ಅದೂ ಬೆಳಗಿನ ತಿಂಡಿಯ ಹೊತ್ತಿನಲ್ಲಿ.

ಕಾಂಪೌಂಡು ಒಂದೊಂದಾಗಿ ಖಾಲಿಯಾಯಿತು. ನರ್ಸ್ ಕುಟುಂಬ ಹೋಯಿತು, ಮೇಷ್ಟರು ಹೋದರು. ಹಿಂದಿನ ಯುವ ಸಂಸಾರ ಯಾರಿಗೂ ಹೇಳದೆ ಮಾಯವಾಯಿತು. ಗಲ್ಫಿನಲ್ಲಿ ಹಾಗೆ ಹೋಗುವವರಿರುತ್ತಾರೆ, ಕಾರಣ ಯಾರೂ ಕೇಳುವುದಿಲ್ಲ. ಆಮೇಲೆ ಆ ಸದ್ದು ಶುರುವಾಯಿತು. ತಟ್ಟೆಗೆ ಚಮಚ ತಾಗುವ ಸದ್ದು, ಹಿಂದಿನ ಪೋರ್ಶನ್ನಿನಿಂದ, ನಡು ಮಧ್ಯಾಹ್ನ. ನಾನು ವಿಜ್ಞಾನದ ಟೀಚರು. ಎಸಿಯ ಸಡಿಲ ತಗಡು ಬಿಸಿಗಾಳಿಗೆ ಅಲುಗುತ್ತದೆ ಎಂದು ಅತ್ತೆಗೆ ವಿವರಿಸಿದೆ, ಚಿತ್ರ ಬರೆದೂ ತೋರಿಸಿದೆ. ಆ ವಿವರಣೆ ಸರಿಯೆಂದು ಇವತ್ತಿಗೂ ನಂಬುತ್ತೇನೆ. ಆದರೆ ಗಾಳಿ ಸಂಜೆಯೂ ಬೀಸುತ್ತಿತ್ತು, ಸದ್ದು ಊಟದ ಹೊತ್ತಿಗೆ ಮಾತ್ರ ಬರುತ್ತಿತ್ತು.

ಒಂದು ದಿನ ಮೂವರೂ ಹೋಗಿ ಆ ಪೋರ್ಶನ್ನಿನ ಕಿಟಕಿಯಲ್ಲಿ ಇಣುಕಿದೆವು. ಚಾಪೆಯ ಮೇಲೆ ತಟ್ಟೆಗಳು. ಅನ್ನ ಒಣಗಿ ಅಂಚಿನಿಂದ ಮೇಲೆದ್ದು ಹಲ್ಲುಗಳಂತೆ ಕಾಣುತ್ತಿತ್ತು. ಎಳೆಯ ಮಗುವಿನ ಒಂದು ಚಿಕ್ಕ ಬಟ್ಟಲೂ ಇತ್ತು. ಎಲ್ಲದರ ಮೇಲೆ ನಯವಾದ ಮರಳು ಕೂತಿತ್ತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಎಡ್ನಾ ಮಾತ್ರ ಗಾಜಿಗೆ ಹಣೆ ತಾಗಿಸಿ ಬಹಳ ಹೊತ್ತು ನೋಡಿದರು. "ಯಾರೂ ಮುಟ್ಟಿಲ್ಲ" ಎಂದರು ಕೊನೆಗೆ. ಅವರ ದನಿಯಲ್ಲಿ ಇದ್ದದ್ದು ನೆಮ್ಮದಿ, ಅದೇ ನನ್ನನ್ನು ಹೆದರಿಸಿತು.

ಎಡ್ನಾ ಹೊರಡುವ ದಿನ ಬಂತು. ನಮಗೆ ಬೇರೆ ಫ್ಲಾಟ್ ಸಿಕ್ಕಿ ಸಾಮಾನು ಹೋಗಿಯಾಗಿತ್ತು. ಅತ್ತೆ ಬೆಳಿಗ್ಗೆಯೇ ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ ಮಾಡಿ ಟಿಫಿನ್‌ನಲ್ಲಿ ಕಟ್ಟಿಸಿದರು. ಎಡ್ನಾ ಉಪ್ಪಿಲ್ಲದ ತಮ್ಮ ಕಡುಬು ಮಾಡಿದ್ದರು. ನಾವು ಹೋಗುವಷ್ಟರಲ್ಲಿ ಕರೆಂಟು ಹೋಗಿತ್ತು, ನಲ್ಲಿಯೂ ನಿಂತಿತ್ತು. ಕೆಡವುವವರು ಹೇಳಿದ್ದಕ್ಕಿಂತ ಮೊದಲೇ ಬಂದಿದ್ದರು, ಎಲ್ಲರೂ ಹೋಗಿದ್ದಾರೆ ಎಂದು ಅವರಿಗೆ ಯಾರೋ ಹೇಳಿದ್ದರಂತೆ. ಬಾಗಿಲು, ಕಿಟಕಿ, ಎಸಿ ಬಿಚ್ಚುವ ಕೆಲಸ ಮೊದಲು. ಎಡ್ನಾ ಗೇಟಿಗೆ ಹೋಗಿ ನೋಡಿ ಬಂದರು. ಹೇಳಬೇಕಾದ ಮಾತು ಹೇಳುವ ಹಾಗಿರಲಿಲ್ಲ, ರಸ್ತೆಯ ತುಂಬ ಜನ. ಹೇಳದೆಯೇ ಕೂತರು. ಅವರು ಹಾಗೆ ಕೂತದ್ದು ಜೀವನದಲ್ಲಿ ಮೊದಲ ಸಲ ಇರಬೇಕು.

ನಾವು ಉಣ್ಣುತ್ತಿದ್ದಂತೆ ಪಕ್ಕದ ಕೋಣೆಯ ಕಿಟಕಿ ಹೋಯಿತು. ಬೆಳಕು ತಪ್ಪು ಕಡೆಯಿಂದ ಒಳಗೆ ಬಂತು. ಆಮೇಲೆ ಹಿಂಬಾಗಿಲು. ಬಿಸಿಗಾಳಿ ಮನೆಯ ಮೂಲಕ ಹಾದುಹೋಗತೊಡಗಿತು, ಹುಳಿಯ ಮೇಲೆ ಮರಳು ಬಿತ್ತು. ಎಡ್ನಾ ತಲೆಯೆತ್ತಲಿಲ್ಲ. ಕೊನೆಗೆ ಮುಂಬಾಗಿಲನ್ನೇ ಕೀಲುಗಳಿಂದ ಎತ್ತಿ ಇಬ್ಬರು ಹೊತ್ತುಕೊಂಡು ಹೋದರು. ಆ ಚೌಕಟ್ಟಿನ ತುಂಬ ಬಿಸಿಲು, ಬಿಸಿಲಿನಲ್ಲಿ ಕೆಲಸದವರ ಮೇಸ್ತ್ರಿ, ಎತ್ತರದ ಪಠಾಣ್ ಮುದುಕ. ಮುಖ ಕಾಣಿಸುತ್ತಿರಲಿಲ್ಲ, ಆಕಾರ ಮಾತ್ರ. ಕೈಯಲ್ಲಿ ಉದ್ದದ ಕಬ್ಬಿಣದ ಹಾರೆ. "ಚಲೋ ಮಾಜಿ, ಖಲಾಸ್" ಎಂದ. ಎಡ್ನಾ ಅವರ ತುತ್ತು ಬಾಯಿಯ ಹತ್ತಿರ ನಿಂತುಹೋಯಿತು. ಅವರ ಕಣ್ಣು ನೋಡಿದೆ. ಅವರು ಅಲ್ ಐನ್‌ನಲ್ಲಿ ಇರಲಿಲ್ಲ.

ಆಗ ಅತ್ತೆ ಎದ್ದರು. ಎಂಜಲು ಕೈಯಲ್ಲೇ ಹೋಗಿ ಬಾಗಿಲಿದ್ದ ಜಾಗದಲ್ಲಿ ಎರಡೂ ಕೈ ಚಾಚಿ ನಿಂತರು. ಆ ಗಿಡ್ಡ ಹೆಂಗಸು ಚೌಕಟ್ಟಿನ ಅರ್ಧವನ್ನೂ ತುಂಬಲಿಲ್ಲ.

"ಉಣ್ಣುವವರನ್ನು ಎಬ್ಬಿಸ್ತೀಯಾ? ನಿನಗೆ ತಾಯಿ ಇಲ್ವಾ? ಎಲೆಯ ಮುಂದಿಂದ ಎಬ್ಬಿಸಿದವರು ಉದ್ಧಾರ ಆಗುದಿಲ್ಲ, ತಿಳ್ಕೋ! ನನ್ನನ್ನು ಎಬ್ಬಿಸಿದ್ರು. ನನ್ನನ್ನು ಎಬ್ಬಿಸಿದ್ರು!"

ಅಚ್ಚ ಕನ್ನಡದಲ್ಲಿ ಕಿರುಚಿದ್ದು. ಪಠಾಣನಿಗೆ ಒಂದು ಪದವೂ ತಿಳಿದಿರಲಾರದು. ಆದರೆ ಅವನು ಅತ್ತೆಯ ಎಂಜಲು ಕೈ ನೋಡಿದ, ಒಳಗಿನ ತಟ್ಟೆಗಳನ್ನು ನೋಡಿದ. ಹಾರೆಯನ್ನು ಗೋಡೆಗೆ ಒರಗಿಸಿದ. "ತೌಬಾ. ಖಾಲೋ, ಆರಾಮ್ ಸೇ ಖಾಲೋ", ನಿಧಾನವಾಗಿ ಉಣ್ಣಿ ಎಂದು ಹೇಳಿ, ತನ್ನ ಜನರನ್ನೆಲ್ಲ ಬೋರೆ ಮರದ ಕೆಳಗೆ ಕರೆದು, ನಮ್ಮ ಕಡೆ ಬೆನ್ನು ಹಾಕಿಸಿ ಕೂರಿಸಿದ.

ಎಡ್ನಾ ಉಂಡರು. ನಿಧಾನವಾಗಿ, ಮರಳು ಬೆರೆತದ್ದನ್ನೂ ಬಿಡದೆ. ನಡುವೆ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಇನ್ನು ಸ್ವಲ್ಪ ಎಂದು ಬಡಿಸಿಕೊಂಡರು. ಕುಡಿಯುವ ನೀರಿನ ಕ್ಯಾನಿನಿಂದ ತಟ್ಟೆ ತೊಳೆದರು. ಹೊರಗೆ ಬಂದು, ಅಭ್ಯಾಸ ನೋಡಿ, ಕೈಯನ್ನು ಹಿಂದಕ್ಕೆ ಚಾಚಿ ಇಲ್ಲದ ಬಾಗಿಲನ್ನು ಎಳೆದುಕೊಂಡರು. ನನಗೆ ಚಿಲಕದ ಸದ್ದು ಕೇಳಿಸಿತು. ಇದಕ್ಕೆ ನನ್ನಲ್ಲಿ ವೈಜ್ಞಾನಿಕ ವಿವರಣೆ ಇಲ್ಲ.

ಹೊಸ ಫ್ಲಾಟಿನಲ್ಲಿ ಆ ಸಂಜೆ ಅತ್ತೆ ತಾನಾಗಿಯೇ ಹೇಳಿದರು. ಊರಿಗೆ ಅಣೆಕಟ್ಟಿನ ನೀರು ಬರುತ್ತದೆ ಎಂದು ಗೊತ್ತಿತ್ತು, ಇಷ್ಟು ಬೇಗ ಎಂದು ಗೊತ್ತಿರಲಿಲ್ಲ. ಖಾಲಿ ಮಾಡಿಸುವವರ ಜೀಪು ಬಂದಾಗ ಮಧ್ಯಾಹ್ನ. ಮಾವ, ಅವರ ಅಣ್ಣಂದಿರು, ಮಕ್ಕಳು ಎಲ್ಲ ಉಂಡಾಗಿತ್ತು. ಹೆಂಗಸರು ಆಗಷ್ಟೇ ಎಲೆ ಹಾಕಿಕೊಂಡಿದ್ದರು. ಹೊಸ ಸೊಸೆಯಾದ ಅತ್ತೆ ಕೊನೆಯ ಎಲೆಯಲ್ಲಿ.

"ಗಂಡಸರದ್ದೆಲ್ಲ ಆಗಿತ್ತು" ಎಂದರು ಅತ್ತೆ. "ಎಬ್ಬಿಸಿದ್ದು ನಮ್ಮನ್ನು. ನಾನು ಒಂದು ತುತ್ತು ಕಲಸಿದ್ದೆ ಅಷ್ಟೇ. ನಿನ್ನ ಮಾವ ಜೀವನ ಇಡೀ ಋಣ ಋಣ ಅಂದ್ರು. ಅವರದ್ದು ಊಟ ಆಗಿತ್ತಲ್ಲ ಮಾರಾಯ್ತಿ."

ಋಣ ಎಂಬ ಮಾತನ್ನು ನಾನೂ ಎಷ್ಟು ಸಲ ಆಡಿದ್ದೇನೆ. ಅದು ಹೊಟ್ಟೆ ತುಂಬಿದವರ ಮಾತು ಎಂದು ನನಗೆ ಆ ಸಂಜೆ ಹೊಳೆಯಿತು. ಕಿತ್ತುಕೊಂಡವನು ಹೇಳಿದರೆ ಅದು ಮೋಸ. ಕಳೆದುಕೊಂಡವಳ ಬಾಯಲ್ಲಿ ಹೇಳಿಸಿದರೆ ಇನ್ನೂ ದೊಡ್ಡ ಮೋಸ.

ಅದಾದ ಮೇಲೆ ನಾವು ದುಬೈಗೆ ಬಂದೆವು, ಅತ್ತೆ ಊರಿಗೆ ಹೋಗಿ ಬಂದು ಮಾಡುತ್ತಿದ್ದಾರೆ. ಎಡ್ನಾ ಅವರಿಂದ ಹೊಸ ವರ್ಷಕ್ಕೊಂದು ಶುಭಾಶಯ ಬರುತ್ತಿತ್ತು. ಈ ಚಳಿಗಾಲದಲ್ಲಿ ಮಾತ್ರ ಒಂದು ಉದ್ದನೆಯ ವಾಯ್ಸ್ ಮೆಸೇಜು ಬಂತು. ಅವರು ಪೂರ್ವಕ್ಕೆ ಹೋಗಿದ್ದರು. ಅವರ ಮನೆತನದಲ್ಲಿ ಅಲ್ಲಿಂದ ಓಡಿಸಿದ ಮೇಲೆ ಮರಳಿ ಹೋದ ಮೊದಲನೆಯವರು. ಹೊಳೆ, ಎರಡು ಬೆಟ್ಟದ ನಡುವಿನ ಬಯಲು, ಮುದುಕಿ ಹೇಳಿದ ಗುರುತುಗಳನ್ನೆಲ್ಲ ಹಿಡಿದು ಹೋಗಿ ಒಂದು ಮನೆಯ ಮುಂದೆ ನಿಂತಿದ್ದರು. ಮನೆ ಹೊಸದು, ಜಾಗ ಅದೇ. ಒಳಗೆ ದೀಪ. ಕಿಟಕಿಯಲ್ಲಿ ಒಂದು ಸಂಸಾರ ಊಟಕ್ಕೆ ಕೂತಿತ್ತು. "ನಾನು ಬಾಗಿಲು ತಟ್ಟಲಿಲ್ಲ" ಎನ್ನುತ್ತಿತ್ತು ಎಡ್ನಾ ಅವರ ದನಿ. "ಅವರು ಉಣ್ಣುತ್ತಿದ್ದರು. ಮುಗಿಯಲಿ ಎಂದು ರಸ್ತೆಯಲ್ಲಿ ಕಾದೆ. ಒಂದು ಮಗು ನನ್ನನ್ನು ನೋಡಿತು. ತಾಯಿ ಬಂದು ಪರದೆ ಎಳೆದಳು. ಅವರಿಗೆ ನಾನು ಏನೋ ಒಂದು ಆಕಾರದಂತೆ ಕಂಡಿರಬೇಕು."

ಅತ್ತೆಗೆ ಕನ್ನಡ ಮಾಡಿ ಹೇಳಿದೆ. ಅವರು ನಂಬಲಿಲ್ಲ. "ಊಟಕ್ಕೆ ಬಾ ಅನ್ಲಿಲ್ವಾ? ಅವಳ ಮನೆಯಲ್ಲೇ ಕೂತುಕೊಂಡು, ಅವಳನ್ನು ಊಟಕ್ಕೆ ಕರೀಲಿಲ್ವಾ?" ಎಂದು ಮತ್ತೆ ಮತ್ತೆ ಕೇಳಿದರು. ನನಗೆ ಸಿಟ್ಟು ಬಂದಿತ್ತು, ಆ ಪರದೆ ಎಳೆದವಳ ಮೇಲಲ್ಲ, ಅವಳಿಗೆ ಏನೂ ಗೊತ್ತಿಲ್ಲದಂತೆ ಬೆಳೆಸಿದ ಅಷ್ಟೂ ಕಾಲದ ಮೇಲೆ.

ಮರುದಿನ ಅತ್ತೆ ಮಗನನ್ನು ಕರೆದು ಹೇಳಿದರು. ಬೇಸಗೆಯಲ್ಲಿ ಅಣೆಕಟ್ಟಿನ ನೀರು ಇಳಿದಾಗ ಮನೆಗಳ ಪಾಯ ಕಾಣುತ್ತದಂತೆ, ನೋಡಿ ಬಂದವರಿದ್ದಾರಂತೆ, ತನ್ನನ್ನು ಕರೆದುಕೊಂಡು ಹೋಗಬೇಕು. ಊರಿನ ಹೆಸರನ್ನೂ ಹೇಳಿದರು. ಯಜಮಾನರು ಮೊಬೈಲಿನಿಂದ ತಲೆಯೆತ್ತಿದರು. ಅವರ ಬಾಯಿಗೆ ಬಂದದ್ದು ಅದೇ ಹಳೇ ಬಾಯಿಪಾಠ. "ಎಂತಕ್ಕೆ ಅಮ್ಮ? ಋಣ ತೀರಿದ ಜಾಗ. ಅಲ್ಲಿ ಎಂತ ಉಂಟು ಈಗ?"

"ನನ್ನ ಊಟ ಉಂಟು" ಎಂದರು ಅತ್ತೆ.

ಮೇ ತಿಂಗಳಿಗೆ ಟಿಕೆಟ್ ಆಗಿದೆ. ನೀರಿಳಿದ ಆ ಕೆಸರಿನಲ್ಲಿ, ಮಟಮಟ ಮಧ್ಯಾಹ್ನ, ಗೋಡೆಯಿಲ್ಲದ ಪಾಯದ ಮೇಲೆ ಅತ್ತೆ ಎಲೆ ಹಾಕಿ ಕೂರುತ್ತಾರಂತೆ. ಅವರ ಜೊತೆ ಅಂದು ಎದ್ದುಹೋದ ಹೆಂಗಸರಲ್ಲಿ ಯಾರೂ ಈಗ ಉಳಿದಿಲ್ಲ, ಆದರೂ ಅವರಿಗೂ ಎಲೆ ಇಡಬೇಕಂತೆ, ಸಾಲಾಗಿ. ನನಗೆ ಭಯವಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಯಜಮಾನರು ರಜೆ ಸಿಗುವುದಿಲ್ಲ ಎಂದು ಗೊಣಗುತ್ತಿದ್ದಾರೆ. ನಾನು ಹೋಗುತ್ತೇನೆ. ಬಡಿಸಲು ಒಬ್ಬರು ಬೇಕಲ್ಲ.